ಪರದೆ ಕೆಟ್ಟಿದೆಯೋ, ಲೆಕ್ಕ ತಪ್ಪಿದೆಯೋ?

ತಾಳೆಪಟ್ಟಿ ಕೂಡದಿದ್ದರೆ ನಾವು ಲೆಕ್ಕದ ಪುಸ್ತಕವನ್ನೇ ಹರಿದು ಹಾಕುವುದಿಲ್ಲ. ಡೆಬಿಟ್ ಮತ್ತು ಕ್ರೆಡಿಟ್ ನಡುವೆ ಎಷ್ಟು ವ್ಯತ್ಯಾಸ ಇದೆ ಎಂದು ಮೊದಲು ನೋಡುತ್ತೇವೆ. ಆ ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಕಂಡರೆ, ಅದು ತಪ್ಪು ಬದಿಗೆ ಹೋಗಿರಬಹುದು. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 540 ಇರಬೇಕಾದಲ್ಲಿ 450 ಇದ್ದರೆ ವ್ಯತ್ಯಾಸ 90 ಬರುತ್ತದೆ. ತಪ್ಪು ಯಾವ ಪುಟದಲ್ಲಿದೆ ಎಂದು ಗೊತ್ತಾದರೆ ತಿದ್ದುವುದು ಒಂದು ನಿಮಿಷದ ಕೆಲಸ. ಈ ಪಾಠ ಕಂಪ್ಯೂಟರಿಗೂ ಹೊಂದುತ್ತದೆ ಎಂಬುದನ್ನು ಈ ವರ್ಷ ನಮ್ಮ ಮನೆಯಲ್ಲೇ ಕಂಡೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಮುಡಬಿಯಲ್ಲಿ ನಮ್ಮ ಅಬ್ಬಾ ಅವರದು ಹಾರ್ಡ್‌ವೇರ್ ಅಂಗಡಿ. ಕಂಪ್ಯೂಟರ್ ಹಾರ್ಡ್‌ವೇರ್ ಅಲ್ಲ, ಮೊಳೆ, ಪೈಪು, ಬಣ್ಣದ ಡಬ್ಬಿಗಳ ಹಾರ್ಡ್‌ವೇರ್. ಮನೆಗೆಲ್ಲ ಇರುವುದು ಒಂದೇ ಹಳೆಯ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್, ವಿಂಡೋಸ್ ಮೇಲೆ ಟ್ಯಾಲಿ, ಟ್ಯಾಲಿಯೊಳಗೆ ಅಂಗಡಿಯ ಪೂರ್ತಿ ಲೆಕ್ಕ. ಪ್ರತಿ ತಿಂಗಳ 20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ಅದೇ ಲ್ಯಾಪ್‌ಟಾಪಿನಲ್ಲಿ ಹುಮನಾಬಾದಿಗೆ ಹೋಗಿ ಬಂದು ಬಿಸಿಎ ಓದುವ ನಮ್ಮ ಆಪಾ ಲಿನಕ್ಸ್ ಕಲಿಯಬೇಕಿತ್ತು, ಪ್ರಾಕ್ಟಿಕಲ್ ಪರೀಕ್ಷೆಗೆ ಅದು ಬೇಕೇ ಬೇಕು. ವಿಂಡೋಸ್ ಅಳಿಸಿ ಲಿನಕ್ಸ್ ಹಾಕುತ್ತೇವೆ ಎಂದರೆ ಅಬ್ಬಾ ಒಪ್ಪುತ್ತಾರೆಯೇ? ಆದ್ದರಿಂದ ಆಪಾ ವರ್ಚುವಲ್ ಮಷಿನ್ ದಾರಿ ಹಿಡಿದಳು.

ವರ್ಚುವಲ್ ಮಷಿನ್ ಎಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ವಿಂಡೋಸ್‌ನ ಒಂದು ಕಿಟಕಿಯಲ್ಲಿ ಒಂದು ನಕಲಿ ಯಂತ್ರವನ್ನು ಕಟ್ಟಿಕೊಡುತ್ತದೆ. ಅದಕ್ಕೆ ನಕಲಿ ಡಿಸ್ಕ್, ನಕಲಿ ಮೆಮೊರಿ, ನಕಲಿ ಗ್ರಾಫಿಕ್ಸ್ ಕಾರ್ಡ್ ಎಲ್ಲ ಇರುತ್ತವೆ. ಇದನ್ನು 2007ರಲ್ಲಿ ಜರ್ಮನಿಯ ಇನೋಟೆಕ್ ಕಂಪನಿ ಹೊರತಂದಿತು. 2008ರಲ್ಲಿ ಸನ್, 2010ರಲ್ಲಿ ಒರಾಕಲ್ ಕೈಗೆ ಬಂದಿತು. ಹೊರಗಿನ ವಿಂಡೋಸ್ ಮನೆಯ ಯಜಮಾನ, ಒಳಗಿನ ಲಿನಕ್ಸ್ ಮೆಹಮಾನ್. ಮೆಹಮಾನ್ ತನ್ನ ಕೋಣೆಯಲ್ಲಿ ಏನು ಚೆಲ್ಲಾಡಿದರೂ ಯಜಮಾನನ ತಿಜೋರಿಗೆ ಕೈ ಹಾಕುವುದಿಲ್ಲ. ಟ್ಯಾಲಿ ಇದ್ದಲ್ಲೇ ಇರುತ್ತದೆ.

ಕೆಲವು ವಾರ ಎಲ್ಲವೂ ಸರಿಯಾಗಿತ್ತು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಲಿನಕ್ಸ್ ಶುರು ಮಾಡಿದರೆ ಪರದೆಯ ತುಂಬ ಹಸಿರು, ನೇರಳೆ ಗೆರೆಗಳು. ಅಕ್ಷರಗಳು ಚೂರುಚೂರಾಗಿ ಅಲ್ಲೊಂದು ಇಲ್ಲೊಂದು. ಆಮೇಲೆ ಪೂರ್ತಿ ಕಪ್ಪು. ಆಪಾ ಕಿಟಕಿಯನ್ನು ದೊಡ್ಡದು ಮಾಡಿಕೊಂಡೇ ಕೆಲಸ ಮಾಡುತ್ತಿದ್ದಳು, ಹಾಗಾಗಿ ನೋಡಿದವರಿಗೆ ಇಡೀ ಲ್ಯಾಪ್‌ಟಾಪೇ ಕೆಟ್ಟಂತೆ ಕಾಣುತ್ತಿತ್ತು. ಅಬ್ಬಾ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಪರಿಚಯದ ರಿಪೇರಿ ಅಂಗಡಿಗೆ ಕಳಿಸಿದರು. ಡಿಸ್‌ಪ್ಲೇ ಬದಲಿಸಬೇಕಾಗಬಹುದು, ಆರು ಸಾವಿರ ಆಗುತ್ತದೆ ಎಂಬ ಉತ್ತರ ಬಂತು. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಟಾ, ನಿಮ್ಮ ಲಿನಕ್ಸ್ ತೆಗೆದುಬಿಡಿ. ನನ್ನ ಟ್ಯಾಲಿ ಉಳಿದರೆ ಸಾಕು” ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಆದರೆ ಲಿನಕ್ಸ್ ಹೋದರೆ ಆಪಾಳ ಅಭ್ಯಾಸವೂ ಹೋಗುತ್ತಿತ್ತು.

ಆಪಾ ಒಂದು ದಿನದ ಸಮಯ ಕೇಳಿದಳು. ಮೊದಲು ಅವಳು ಮಾಡಿದ್ದು ಬಹಳ ಸರಳ ಪರೀಕ್ಷೆ. ಗೆರೆಗಳು ಕಾಣುತ್ತಿರುವಾಗಲೇ ವಿಂಡೋಸ್‌ನಿಂದ ಸ್ಕ್ರೀನ್‌ಶಾಟ್ ತೆಗೆದು, ಅದನ್ನು ನನ್ನ ಮೊಬೈಲಿಗೆ ಕಳಿಸಿದಳು. ಮೊಬೈಲಿನಲ್ಲೂ ಅದೇ ಗೆರೆಗಳು ಇದ್ದವು. “ಹಾಗಾದರೆ ಡಿಸ್‌ಪ್ಲೇ ಚೆನ್ನಾಗಿದೆ” ಎಂದಳು. ಯಾಕೆ ಎಂದು ಕೇಳಿದೆ. ಸ್ಕ್ರೀನ್‌ಶಾಟ್ ಎಂದರೆ ಗಾಜಿನ ಫೋಟೋ ಅಲ್ಲ. ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಬರೆದ ಚಿತ್ರದ ಪ್ರತಿ. ಗಾಜು ಅಥವಾ ಅದರ ತಂತಿ ಕೆಟ್ಟಿದ್ದರೆ ಮೆಮೊರಿಯಲ್ಲಿರುವ ಚಿತ್ರ ಶುದ್ಧವಾಗಿರುತ್ತದೆ, ಮೊಬೈಲಿನಲ್ಲಿ ಗೆರೆ ಬರುವುದಿಲ್ಲ. ಗೆರೆ ಬಂದಿದೆ ಎಂದರೆ ಚಿತ್ರ ಬರೆಯುವಾಗಲೇ ಕೆಟ್ಟಿದೆ. ಅವಳು ಲಿನಕ್ಸ್ ಕಿಟಕಿಯನ್ನು ಚಿಕ್ಕದು ಮಾಡಿ ಪಕ್ಕಕ್ಕೆ ಎಳೆದಳು. ಗೆರೆಗಳೂ ಕಿಟಕಿಯೊಂದಿಗೇ ಸರಿದವು, ಹೊರಗಿನ ವಿಂಡೋಸ್ ಸ್ವಚ್ಛವಾಗಿತ್ತು. ಆರು ಸಾವಿರದ ಪ್ರಶ್ನೆ ಐದು ನಿಮಿಷದಲ್ಲಿ ಮುಗಿಯಿತು.

ಇನ್ನು ಉಳಿದದ್ದು ಕಿಟಕಿಯೊಳಗಿನ ಲೆಕ್ಕ. ಲಿನಕ್ಸ್ ಒಂದೇ ಹೆಜ್ಜೆಯಲ್ಲಿ ಶುರುವಾಗುವುದಿಲ್ಲ. ಮೊದಲು ಗ್ರಬ್ ಎಂಬ ಚಿಕ್ಕ ತಂತ್ರಾಂಶ ಎಚ್ಚರವಾಗುತ್ತದೆ, ಅದು ಕರ್ನಲ್ ಅನ್ನು ಎಬ್ಬಿಸುತ್ತದೆ, ಕರ್ನಲ್ ಗ್ರಾಫಿಕ್ಸ್ ಡ್ರೈವರ್ ಅನ್ನು ಕೆಲಸಕ್ಕೆ ಹಚ್ಚುತ್ತದೆ, ನಂತರ ಲೋಗೋ, ಕೊನೆಗೆ ಲಾಗಿನ್ ಪುಟ. ಪರದೆಯ ಜವಾಬ್ದಾರಿ ಹೀಗೆ ಕೈಯಿಂದ ಕೈಗೆ ದಾಟುತ್ತದೆ. ಯಾರ ಕೈಯಲ್ಲಿದ್ದಾಗ ಕೆಟ್ಟಿತು ಎಂಬುದನ್ನು ಹಿಡಿಯಬೇಕು.

ಯಂತ್ರ ಶುರುವಾಗುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಗ್ರಬ್ ಪಟ್ಟಿ ಕಾಣುತ್ತದೆ. ಯುಇಎಫ್‌ಐ ವ್ಯವಸ್ಥೆಯಿದ್ದರೆ ಎಸ್ಕೇಪ್ ಕೀ. ಆ ಪಟ್ಟಿ ಸ್ವಚ್ಛವಾಗಿಯೇ ಕಂಡಿತು. ಅಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿದ್ದ ‘ಕ್ವಾಯಟ್ ಸ್ಪ್ಲಾಶ್’ ಎಂಬ ಎರಡು ಪದ ಅಳಿಸಿದಳು. ಲೋಗೋದ ಹಿಂದೆ ಅಡಗಿರುವ ಸಂದೇಶಗಳು ಇದರಿಂದ ಹೊರಗೆ ಕಾಣುತ್ತವೆ. ಆ ಜಾಗದಲ್ಲಿ ‘ನೋಮೋಡ್‌ಸೆಟ್’ ಎಂಬ ಒಂದು ಪದ ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದಳು. ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ತನ್ನ ಕೈಗೆ ತೆಗೆದುಕೊಳ್ಳಬಾರದು ಎಂದು ಆ ಪದದ ಅರ್ಥ. ಲಿನಕ್ಸ್ ಸರಾಗವಾಗಿ ಶುರುವಾಯಿತು! ಗೆರೆ ಇಲ್ಲ. ಆದರೆ ಚಿತ್ರ ಸಣ್ಣದು, ಗಾತ್ರ ಬದಲಿಸಲು ಬಾರದು.

“ಸರಿಹೋಯಿತಲ್ಲ, ಹೀಗೇ ಬಿಡೋಣ” ಎಂದೆ. ಆಪಾ ನನ್ನ ಕಡೆ ನೋಡಿ, “ನಿಮ್ಮ ಪುಸ್ತಕದಲ್ಲಿ ಸಸ್ಪೆನ್ಸ್ ಅಕೌಂಟ್ ಇದೆಯಲ್ಲ, ಇದೂ ಹಾಗೆಯೇ” ಎಂದಳು. ನನಗೆ ಥಟ್ಟನೆ ಅರ್ಥವಾಯಿತು. ತಾಳೆಪಟ್ಟಿಯ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿದರೆ ಕೆಲಸ ಮುಂದೆ ಸಾಗುತ್ತದೆ, ತಪ್ಪು ಮಾತ್ರ ಹಾಗೇ ಉಳಿದಿರುತ್ತದೆ. ತಪ್ಪು ಸಿಕ್ಕಿದ ಮೇಲೆ ಆ ಖಾತೆಯನ್ನು ಮುಚ್ಚಬೇಕು. ನೋಮೋಡ್‌ಸೆಟ್ ಕೂಡ ಹೀಗೆ ಬರೆದಾಗ ಆ ಒಂದು ಸಲಕ್ಕೆ ಮಾತ್ರ. ಮುಂದಿನ ಸಲ ತಾನಾಗಿಯೇ ಹೋಗುತ್ತದೆ. ಆದರೆ ಅದು ಒಂದು ಬೆಲೆಬಾಳುವ ಸುದ್ದಿ ಕೊಟ್ಟಿತ್ತು: ಡಿಸ್ಕ್ ಸರಿಯಾಗಿದೆ, ಆಪಾಳ ಫೈಲುಗಳು ಸುರಕ್ಷಿತ, ದೋಷ ಗ್ರಾಫಿಕ್ಸ್ ಡ್ರೈವರ್ ಮತ್ತು ನಕಲಿ ಗ್ರಾಫಿಕ್ಸ್ ಕಾರ್ಡ್ ನಡುವೆ ಇದೆ.

ಆ ಪದವಿಲ್ಲದೆ ಇನ್ನೊಮ್ಮೆ ಶುರು ಮಾಡಿದಾಗ ಸಂದೇಶಗಳ ನಡುವೆ ‘ಎರರ್’ ಎಂಬ ಪದ ಕಂಡಿತು. ವಿಎಂಡಬ್ಲ್ಯೂಜಿಎಫ್‌ಎಕ್ಸ್ ಎಂಬ ಡ್ರೈವರ್ ಹೋಸ್ಟ್‌ಗೆ ಲಾಗ್ ಸಂದೇಶ ಕಳಿಸಲಾಗಲಿಲ್ಲ ಎಂದು ಬರೆದಿತ್ತು. ನಾನು ಕಳ್ಳ ಸಿಕ್ಕ ಎಂದುಕೊಂಡೆ. ಆಪಾ ತನ್ನ ಹಳೆಯ ನೋಟ್‌ಬುಕ್ ತೆರೆದು ತೋರಿಸಿದಳು. ಎಲ್ಲವೂ ಚೆನ್ನಾಗಿದ್ದ ದಿನಗಳಲ್ಲೂ ಅದೇ ಸಾಲು ಬರುತ್ತಿತ್ತು. ಆ ಡ್ರೈವರ್ ವಿಎಂವೇರ್ ಎಂಬ ಬೇರೊಂದು ವ್ಯವಸ್ಥೆಗಾಗಿ ಬರೆದದ್ದು. ವರ್ಚುವಲ್‌ಬಾಕ್ಸ್‌ನ ನಕಲಿ ಕಾರ್ಡ್ ಅದೇ ಮಾದರಿಯದಾದ್ದರಿಂದ ಇಲ್ಲೂ ಅದೇ ಕೆಲಸ ಮಾಡುತ್ತದೆ. ಅದು ಕರೆಯುವ ಯಜಮಾನ ಇಲ್ಲಿ ಇಲ್ಲದ್ದರಿಂದ ಹಾಗೆ ಗೊಣಗುತ್ತದೆ, ಅಷ್ಟೇ. ಕೆಂಪು ಅಕ್ಷರ ಕಂಡ ಕೂಡಲೇ ಅದೇ ಕಾರಣ ಎನ್ನಬಾರದು. ಚೆನ್ನಾಗಿದ್ದಾಗ ಏನು ಬರುತ್ತಿತ್ತು ಎಂದು ಗೊತ್ತಿದ್ದರೆ ಮಾತ್ರ ಹೊಸದು ಯಾವುದು ಎಂದು ತಿಳಿಯುತ್ತದೆ.

ಮುಂದಿನ ಕೆಲಸಕ್ಕೆ ಮೊದಲು ಆಪಾ ಯಂತ್ರವನ್ನು ಪೂರ್ತಿ ಆಫ್ ಮಾಡಿ ಸ್ನ್ಯಾಪ್‌ಶಾಟ್ ತೆಗೆದಳು. ಇದರಲ್ಲಿ ಡಿಸ್ಕ್ ಮಾತ್ರವಲ್ಲ, ಸೆಟ್ಟಿಂಗ್ಸ್ ಕೂಡ ಉಳಿಯುತ್ತವೆ. ಏನಾದರೂ ಹೆಚ್ಚುಕಮ್ಮಿಯಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ನಂತರ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟ ತೆರೆದಳು. ಅಲ್ಲಿ ನೋಡಬೇಕಾದವು ಮೂರು: ವಿಡಿಯೋ ಮೆಮೊರಿ, ಗ್ರಾಫಿಕ್ಸ್ ಕಂಟ್ರೋಲರ್, ತ್ರೀಡಿ ಆಕ್ಸಿಲರೇಶನ್. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯ ಫಲ ನೋಟ್‌ಬುಕ್ಕಿನಲ್ಲಿ. ಬರೆಯುವ ಕೆಲಸ ನನ್ನದು.

ವಿಡಿಯೋ ಮೆಮೊರಿ 16 ಎಂಬಿ ಇತ್ತು. ನಾನು ಲೆಕ್ಕ ಹಾಕಿದೆ. ನಮ್ಮ ಪರದೆ 1366 ಅಡ್ಡ, 768 ಉದ್ದ; ಅಂದರೆ 10,49,088 ಚುಕ್ಕೆಗಳು. ಪ್ರತಿ ಚುಕ್ಕೆಗೆ 4 ಬೈಟ್ ಎಂದರೆ ಒಂದು ಚಿತ್ರಕ್ಕೆ 41,96,352 ಬೈಟ್, ಸುಮಾರು 4 ಎಂಬಿ. 16 ಎಂಬಿಯಲ್ಲಿ ಪೂರ್ತಿ ನಾಲ್ಕು ಚಿತ್ರಗಳೂ ಹಿಡಿಸುವುದಿಲ್ಲ. ಅದನ್ನು 128 ಮಾಡಿದಳು. ಗೆರೆ ಹೋಗಲಿಲ್ಲ. ಕಂಟ್ರೋಲರ್ ಲಿನಕ್ಸ್‌ಗೆ ಹೇಳಿದ ವಿಎಂಎಸ್‌ವಿಜಿಎ ಆಗಿಯೇ ಇತ್ತು, ಮುಟ್ಟಲಿಲ್ಲ. ಕೊನೆಗೆ ತ್ರೀಡಿ ಗುರುತನ್ನು ತೆಗೆದಳು. ಲಾಗಿನ್ ಪುಟ ಕನ್ನಡಿಯಂತೆ ಬಂದಿತು. ಅಷ್ಟಕ್ಕೇ ಬಿಡದೆ ಮತ್ತೆ ಗುರುತು ಹಾಕಿದಳು, ಗೆರೆ ಬಂತು, ತೆಗೆದಳು, ಹೋಯಿತು. ಈಗ ಕಾರಣ ಖಚಿತವಾಯಿತು.

ತ್ರೀಡಿ ಗುರುತು ಇದ್ದರೆ ಮೆಹಮಾನ್ ತನ್ನ ಚಿತ್ರ ಬರೆಯುವ ಕೆಲಸವನ್ನು ಯಜಮಾನನ ನಿಜವಾದ ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುತ್ತಾನೆ. ನಮ್ಮಂಥ ಹಳೆಯ ಲ್ಯಾಪ್‌ಟಾಪಿನಲ್ಲಿ ಹೊರಗಿನ ಡ್ರೈವರ್, ಒಳಗಿನ ಡ್ರೈವರ್ ಇಬ್ಬರ ಭಾಷೆ ಕೂಡದಿದ್ದರೆ ಚಿತ್ರ ಕೆಡುತ್ತದೆ. ಗುರುತು ತೆಗೆದರೆ ಪ್ರೊಸೆಸರೇ ಚಿತ್ರ ಬರೆಯುತ್ತದೆ. ಸ್ವಲ್ಪ ನಿಧಾನ, ಆದರೆ ಟರ್ಮಿನಲ್‌ನಲ್ಲಿ ಆಜ್ಞೆ ಬರೆದು ಕಲಿಯುವವರಿಗೆ ಧಾರಾಳ ಸಾಕು. ಇಲ್ಲಿ ಯಾರೂ ಕೆಟ್ಟವರಲ್ಲ, ಹೊಂದಾಣಿಕೆ ಇರಲಿಲ್ಲ.

ಅಬ್ಬಾಗೆ ಇದನ್ನೆಲ್ಲ ಹೇಳುವ ಕೆಲಸ ನನಗೆ ಬಂತು. ಮನೆಯಲ್ಲಿ ನಮ್ಮದು ಉರ್ದು, ಪಾಠವೆಲ್ಲ ಕನ್ನಡ ಮತ್ತು ಇಂಗ್ಲಿಷ್. ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಆದರೆ ನಾವು ಕನ್ನಡದಲ್ಲಿ ಪರದೆ ಎನ್ನುವುದು ಉರ್ದುವಿನ ಪರ್ದಾ ತಾನೆ! ಬಾಕಿ, ಜಮಾ, ವಸೂಲಿ, ರಶೀದಿ ಎಲ್ಲವೂ ಎರಡೂ ಕಡೆಯ ಮಾತುಗಳು. “ಅಬ್ಬಾ, ಪರ್ದಾ ಸರಿಯಾಗಿದೆ. ಜಮಾ ಬರೆಯುವಲ್ಲಿ ವ್ಯತ್ಯಾಸ ಇತ್ತು, ಸಿಕ್ಕಿತು” ಎಂದೆ. ಅವರು ನಕ್ಕು, ಒಂದೇ ಷರತ್ತು ಹಾಕಿದರು: ಪ್ರತಿ ಶುಕ್ರವಾರ ಟ್ಯಾಲಿಯ ಪ್ರತಿ ಪೆನ್‌ಡ್ರೈವ್‌ಗೆ ಹೋಗಬೇಕು. ಅದು ನ್ಯಾಯದ ಷರತ್ತು. ಆಪಾಗೆ ಅಭ್ಯಾಸಕ್ಕೆ ಮೂರು ದಿನ ಸಿಕ್ಕವು, ಅವಳು ಪ್ರಾಕ್ಟಿಕಲ್ ಮುಗಿಸಿದಳು.

ಲಿನಕ್ಸ್ ನಮಗೇಕೆ ಬೇಕು ಎಂದು ನೀವು ಕೇಳಬಹುದು. 1991ರಲ್ಲಿ 21 ವಯಸ್ಸಿನ ಲಿನಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ಶುರು ಮಾಡಿದ ಕೆಲಸ ಅದು. ಇಂದು ಯಾರು ಬೇಕಾದರೂ ಉಚಿತವಾಗಿ ಪಡೆದು, ಬಿಚ್ಚಿ ನೋಡಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಉಬುಂಟು ಆಧಾರದಲ್ಲಿ ರೂಪಿಸಿದ ಲಿನಕ್ಸ್‌ನಲ್ಲಿ ಶಾಲೆಯಲ್ಲೇ ಕಲಿಯುತ್ತಾರೆ. ನಮ್ಮ ಕಡೆ ಹಲವರಿಗೆ ಅದು ಕಾಲೇಜಿನಲ್ಲಿ ಮೊದಲ ಸಲ ಎದುರಾಗುತ್ತದೆ, ಅದೂ ಮನೆಮಂದಿಯೆಲ್ಲ ಬಳಸುವ ಒಂದೇ ಲ್ಯಾಪ್‌ಟಾಪಿನಲ್ಲಿ. ಅದಕ್ಕೇ ವರ್ಚುವಲ್ ಮಷಿನ್ ನಮಗೆ ದೊಡ್ಡ ಅನುಕೂಲ, ಮತ್ತು ಅದು ಕೈಕೊಟ್ಟಾಗ ಹೆದರದಿರುವುದು ಮುಖ್ಯ.

ಆದ್ದರಿಂದ ಗೆಳೆಯರೇ, ಗೆಳತಿಯರೇ, ಪರದೆಯಲ್ಲಿ ಗೆರೆ ಕಂಡರೆ ಮೊದಲು ಸ್ಕ್ರೀನ್‌ಶಾಟ್ ತೆಗೆದು ಬೇರೆ ಮೊಬೈಲಿನಲ್ಲಿ ನೋಡಿ. ಅಲ್ಲೂ ಗೆರೆ ಇದ್ದರೆ ಹಣ ಖರ್ಚು ಮಾಡಬೇಡಿ, ಸೆಟ್ಟಿಂಗ್ಸ್ ಹುಡುಕಿ. ಅಲ್ಲಿ ಇಲ್ಲದಿದ್ದರೆ ಲ್ಯಾಪ್‌ಟಾಪನ್ನು ಧೈರ್ಯವಾಗಿ ರಿಪೇರಿಗೆ ಕೊಡಿ, ಏನು ಕೆಟ್ಟಿದೆ ಎಂದು ನೀವೇ ಹೇಳಬಲ್ಲಿರಿ. ಯಾರಿಗಾದರೂ ಇಂಥ ತೊಂದರೆ ಬಂದರೆ ಊಟದ ಬಿಡುವಿನಲ್ಲಿ ಕಾಮರ್ಸ್ ವಿಭಾಗಕ್ಕೆ ಬನ್ನಿ. ಆ ನೋಟ್‌ಬುಕ್ ಈಗ ನನ್ನ ಬ್ಯಾಗಿನಲ್ಲೇ ಇರುತ್ತದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ