ಅಳಿವೆಯಲ್ಲಿ ನಿಂತ ಎಂಜಿನ್

ಗಂಗೊಳ್ಳಿಯ ದಡದಲ್ಲಿ ನಿಂತರೆ ಕುಂದಾಪುರ ಎದುರಿಗೇ ಕಾಣುತ್ತದೆ. ಆದರೆ ಬಸ್ಸಿನಲ್ಲಿ ಹೋಗಬೇಕೆಂದರೆ ತ್ರಾಸಿಗೆ ಬಂದು, ಹೆದ್ದಾರಿ ಹಿಡಿದು ಸುತ್ತಬೇಕು. ನಡುವೆ ಇರುವುದು ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಸೇರಿದಂತೆ ಐದು ಹೊಳೆಗಳು ಕೂಡಿ ಕಡಲಿಗೆ ಇಳಿಯುವ ಅಳಿವೆ. “ಐದೂ ನೀರು ಬೇರೆ ಬೇರೆ ಬಣ್ಣ ಇರುತ್ತಾ ಅಜ್ಜ?” ಎಂದು ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗಳು ಕೇಳಿದಳು. ನೋಡಿಯೇ ಬಿಡೋಣ ಎಂದು ಏಪ್ರಿಲ್‌ನ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯ ನಾಡದೋಣಿ ಹತ್ತಿದೆವು.

ದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಕೂರಿಸಿದ್ದ. ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್. ಅದಕ್ಕೆ ತಂಪು ಕೊಡುವುದು ಹೊಳೆಯ ನೀರೇ. ಒಳಗೆ ಎಸಳೆಸಳಾದ ಸಣ್ಣ ರಬ್ಬರ್ ಚಕ್ರವಿದ್ದು, ಅದು ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಸರಿಯಾಗಿ ಏರುತ್ತಿದೆ ಎಂಬುದಕ್ಕೆ ಗುರುತಾಗಿ ಎಂಜಿನ್ನಿನ ಬದಿಯಿಂದ ಪೆನ್ಸಿಲ್ ಗಾತ್ರದ ಧಾರೆಯೊಂದು ಚಿಮ್ಮುತ್ತಿರುತ್ತದೆ. ಮೊಮ್ಮಗಳ ಕಣ್ಣು ಬಿದ್ದದ್ದು ಹೊಳೆಯ ಬಣ್ಣದ ಮೇಲಲ್ಲ, ಈ ಧಾರೆಯ ಮೇಲೆ.

ಇಳಿತದ ಹೊತ್ತು. ಮರಳ ದಿಬ್ಬದ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. “ಸ್ವಲ್ಪ ಹತ್ತಿರ ಹೋಗೋಣ ಮಾರಾಯ, ಮಗು ನೋಡಲಿ” ಎಂದವನು ನಾನೇ. ಅವನು ಒಂದು ಕ್ಷಣ ತಡೆದ. ಮೇಷ್ಟ್ರ ಮಾತು ಮೀರಲಾರದೆ ತಿರುಗಿಸಿದ. ಹಕ್ಕಿ ನೋಡಿ ವಾಪಸು ಬರುವಾಗ ಮೊಮ್ಮಗಳು, “ಅಜ್ಜಾ, ಎಂಜಿನ್ ಉಚ್ಚೆ ಹೊಯ್ಯೋದು ನಿಲ್ಲಿಸ್ತು!” ಎಂದಳು. ನಾವಿಬ್ಬರೂ ನಕ್ಕೆವು. ನಗಬಾರದಿತ್ತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು, ಎಂಜಿನ್ ಕರಕರ ಎಂದು ಕಚ್ಚಿಕೊಂಡು ನಿಂತಿತು. ಅವನು ಜಲ್ಲೆ ಊರಿ ಊರಿ ದಡ ಮುಟ್ಟಿಸುವಷ್ಟರಲ್ಲಿ ಕತ್ತಲಾಗಿತ್ತು.

“ವಾರಂಟಿ ಇತ್ತ್ ಮಾಷ್ಟ್ರೆ” ಎಂದ. ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’. ಮೊಮ್ಮಗಳು ಮಾತ್ರ “ಈಗ ಇಲ್ವಾ?” ಎಂದು ಗಾಬರಿಯಾದಳು.

ಅವಳು ಕೇಳಿದ್ದೇ ನಿಜವಾಗುವಂತಿತ್ತು. ಕಂಪನಿಯ ಉತ್ತರ ಎರಡೇ ಸಾಲು: ಎಂಜಿನ್ನಿನಲ್ಲಿ ಮರಳು ಸಿಕ್ಕಿದೆ, ಇದು ಬಳಸಿದವರ ತಪ್ಪು, ವಾರಂಟಿ ಅನ್ವಯಿಸದು. ರಿಪೇರಿಗೆ 38 ಸಾವಿರ ರೂಪಾಯಿ. ಅವನಿಗೆ ಹಣಕ್ಕಿಂತ ದಿನದ ಚಿಂತೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಬಿಡುವು. ಅವನ ವರ್ಷದ ದುಡಿಮೆಯೆಲ್ಲ ಆ ಎರಡು ತಿಂಗಳಲ್ಲೇ.

ನಾನು ಕಾಗದ, ಪೆನ್ನು ಹಿಡಿದು ಕೂತೆ. ಅವನ ಮಗಳು ಎಂಟನೇ ತರಗತಿ. ಶಾಲೆಯ ಹಳೆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ದೋಣಿ ಹೊರಟ ದಿನ, ಎಣ್ಣೆಯ ಲೀಟರು, ಸರ್ವಿಸಿನ ತಾರೀಕು ಎಲ್ಲ ಬರೆದಿಟ್ಟಿದ್ದಳು. ಬಿಲ್ಲುಗಳನ್ನು ಗುಂಡುಪಿನ್ನು ಚುಚ್ಚಿ ಇಟ್ಟಿದ್ದಳು. ಜನವರಿಯ ಬಿಲ್ಲಿನಲ್ಲಿ ‘ಪಂಪಿನ ರಬ್ಬರ್ ಚಕ್ರ – ಹೊಸದು’ ಎಂದು ಕಂಪನಿಯದೇ ಸರ್ವಿಸ್ ಸೆಂಟರಿನ ಮೊಹರಿನೊಂದಿಗೆ ಇತ್ತು.

ದಿಬ್ಬದ ಹತ್ತಿರ ಹೋದದ್ದನ್ನು ಬರೆಯುವುದೋ ಬಿಡುವುದೋ? ಅವನು “ಬೇಡ” ಎಂದ. ನನಗೆ ಮನಸ್ಸು ಒಪ್ಪಲಿಲ್ಲ, ಬರೆದೆ. ಅದರ ಕೆಳಗೇ, ಮೂರು ತಿಂಗಳ ಹಿಂದೆ ಹಾಕಿದ ಚಕ್ರವನ್ನು ನಮ್ಮ ಎದುರಿಗೆ ಬಿಚ್ಚಿ ತೋರಿಸಬೇಕು ಎಂದೂ ಬರೆದೆ. 1915ಕ್ಕೆ ಫೋನು ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆವು. ಕಂಪನಿ ಎಷ್ಟೇ ದೂರದ ಊರಿನಲ್ಲಿರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ ಎಂಬ ಮಾತೂ ಕಾಯ್ದೆಯಲ್ಲಿದೆ. ಆದರೆ ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡವನಿಗೆ ಅದು ತಗಲುವುದಿಲ್ಲ. ಇದಿಷ್ಟನ್ನೂ ಕಾಗದದ ಕೊನೆಗೆ ಸೇರಿಸಿದೆ.

ಮೇ ಎರಡನೇ ವಾರ ಕಂಪನಿಯಿಂದ ಒಬ್ಬ ಹುಡುಗ ಬಂದು ಪಂಪು ಬಿಚ್ಚಿದ. ಮರಳು ಇತ್ತು, ಸುಳ್ಳಲ್ಲ. ಆದರೆ ಚಕ್ರದ ಎಸಳುಗಳು ಸವೆದು, ಬಾಗಿ, ಹಳೇ ಚಪ್ಪಲಿಯಂತೆ ಗಟ್ಟಿಯಾಗಿದ್ದವು. ಎರಡು ಎಸಳು ಇರಲೇ ಇಲ್ಲ. ಹುಡುಗ ಬಿಲ್ಲನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿ, ಏನೂ ಮಾತಾಡದೆ ಫೋಟೊ ತೆಗೆದುಕೊಂಡ.

ಹತ್ತು ದಿನಕ್ಕೆ ಉತ್ತರ ಬಂತು: ಬಿಡಿಭಾಗ ಕಂಪನಿಯದು, ಕೂಲಿ 6 ಸಾವಿರ ನಮ್ಮದು. ಪೂರ್ತಿ ಗೆಲುವೇನಲ್ಲ. ಆಯೋಗಕ್ಕೆ ಹೋಗಿದ್ದರೆ ಅದೂ ಉಳಿಯುತ್ತಿತ್ತೇನೋ, ಆದರೆ ಜೂನ್ ಕಾಯುವುದಿಲ್ಲ. ಹಕ್ಕಿ ತೋರಿಸೆಂದವನು ನಾನಲ್ಲವೇ, ಕೂಲಿ ನಾನೇ ಕೊಡುತ್ತೇನೆ ಎಂದರೆ ಅವನು ಜಗ್ಗಲಿಲ್ಲ. ಕೊನೆಗೆ ಅರ್ಧಕ್ಕೆ ಒಪ್ಪಿದ.

ಶಾಲೆ ಶುರುವಾಗಿ ಮೊಮ್ಮಗಳು ಊರಿಗೆ ಹೋಗಿಯಾಗಿತ್ತು. ಮೊದಲ ದಿನದ ಮೀನು ಇಳಿಸಿದ ಮೇಲೆ ಅವನು ದಡದಿಂದಲೇ ಅವಳಿಗೆ ಫೋನು ಮಾಡಿದ. ಅವಳ ಮೊದಲ ಪ್ರಶ್ನೆಯೇ ಎಂಜಿನ್ ಉಚ್ಚೆ ಹೊಯ್ಯುತ್ತಾ ಎಂದು.

“ಹೊಯ್ತಾ ಇತ್ತ್ ಮಗಾ, ಲಾಯ್ಕ್ ಹೊಯ್ತಾ ಇತ್ತ್” ಎಂದ.

ಈ ಸಲ ಅವಳಿಗೆ ಅರ್ಥವಾಯಿತು.