ಎತ್ತುವ ಕೈಗೆ ಬೆಲೆಯೇನು?

ಅಕ್ಷರ ಕಲಿಸುವುದು ಶಿಕ್ಷಕನ ಕೆಲಸವೆಂದು ಎಲ್ಲರೂ ಬಲ್ಲರು. ಆದರೆ ತಾನಾಗಿ ಎದ್ದು ನಿಲ್ಲಲಾರದ ಮಗುವನ್ನು ಮಧ್ಯಾಹ್ನ ಶೌಚಕ್ಕೆ ಎತ್ತಿಕೊಂಡು ಹೋಗುವುದು ಯಾರ ಕೆಲಸ? ಅಕ್ಕಲಕೋಟೆಯ ಸೀಮೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ನಮಗೆ ಈ ಪ್ರಶ್ನೆಯು ಪುಸ್ತಕದಿಂದ ಬಂದುದಲ್ಲ.

ನಮ್ಮ ನಾಲ್ಕನೆಯ ತರಗತಿಯಲ್ಲಿ ಅಂತಹ ಹುಡುಗನೊಬ್ಬನಿದ್ದನು. ಮಗ್ಗಿ ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕಾಲುಗಳು ಮಾತ್ರ ಅವನ ಮಾತು ಕೇಳವು. ತಾಯಿ ದಿನವೆಲ್ಲ ಶಾಲೆಯ ಪಡಸಾಲೆಯಲ್ಲಿ ಕುಳಿತಿರುವಳು. "ಗುರುಗಳ್ರೀ, ನಾ ಕೂಲಿಗಿ ಹೋದ್ರ ಇವನ್ನ ಎತ್ತವ್ರು ಯಾರ್ರಿ?" ಎಂದು ಆಕೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಕಚೇರಿಯವರು, ಮಗುವನ್ನು ಶಾಲೆಗೆ ಕರೆತರುವುದಕ್ಕೆ ಭತ್ಯೆಯುಂಟು, ಶಾಲೆಯೊಳಗಿನ ಆರೈಕೆಗಿಲ್ಲವೆಂದರು. ಮತ್ತೊಂದು ಕಚೇರಿಯವರು ಮಾಸಾಶನದ ಮಾತೆತ್ತಿದರು. ಮೂರನೆಯವರು, ಮನೆಯಲ್ಲೇ ಕಲಿಸಬಹುದಲ್ಲ ಎಂದರು. ಮರಾಠಿಯ ಅರ್ಜಿಗಳನ್ನು ತುಂಬಿಕೊಟ್ಟವರು ನಾವೇ. ಸೊಲ್ಲಾಪುರಕ್ಕೆ ಮಗುವನ್ನು ಹೊತ್ತುಕೊಂಡು ಬಸ್ಸು ಹತ್ತಿದವಳು ಆಕೆ.

ಇಲ್ಲಿ ಕಾಯದೆಯು ಏನೆನ್ನುವುದೆಂಬುದನ್ನು ನೋಡೋಣ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಮಾಸಾಶನವು 18 ವರ್ಷ ತುಂಬಿದ, ಶೇಕಡಾ 80ರಷ್ಟು ವೈಕಲ್ಯವುಳ್ಳ ಬಡವರಿಗೆ ಮಾತ್ರ. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಮಗುವಿಗೆ ಅದು ದಕ್ಕದು. 2012ರ ತಿದ್ದುಪಡಿಯು ತೀವ್ರ ವೈಕಲ್ಯವುಳ್ಳ ಮಕ್ಕಳಿಗೆ ಮನೆಯಲ್ಲಿ ಕಲಿಯುವ ಹಕ್ಕನ್ನು ಕೊಟ್ಟಿದೆ. ಅದು ಮಗುವಿನ ಆಯ್ಕೆಯೇ ಹೊರತು ಕಚೇರಿಯ ನೆಪವಲ್ಲ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯದೆಯು ಹಣ ಪಡೆಯದೆ ಆರೈಕೆ ಮಾಡುವ ತಂದೆತಾಯಿಗಳನ್ನೂ ಆರೈಕೆದಾರರೆಂದೇ ಕರೆಯುತ್ತದೆ. ಅದರ 24ನೆಯ ಕಲಮಿನಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಹೆಸರುಂಟು. ಆದರೆ 'ಸರಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ' ಎಂಬ ಮಾತೂ ಅಲ್ಲಿಯೇ ಉಂಟು. ಜಗಳವೆಲ್ಲ ಆ ಮಾತಿನ ಹೊಸ್ತಿಲಲ್ಲಿಯೇ. ಕೇರಳವು ಆಶ್ವಾಸಕಿರಣವೆಂಬ ಯೋಜನೆಯಲ್ಲಿ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು; ಕರ್ನಾಟಕವು 2024ರ ಮುಂಗಡಪತ್ರದಲ್ಲಿ ಕೆಲವು ವ್ಯಾಧಿಗಳವರ ಆರೈಕೆದಾರರಿಗೆ 1,000 ರೂಪಾಯಿ ಘೋಷಿಸಿತು. ಕೂಲಿಯ ಮುಂದೆ ಇವು ಅಲ್ಪವೇ ಸರಿ. ಆದರೂ ಆ ದುಡಿಮೆಗೆ ಬೆಲೆಯುಂಟೆಂದು ಒಪ್ಪಿದಂತಾಯಿತು.

ತಾಯಿಯ ಪ್ರೀತಿಗೆ ಹಣ ಕೊಡುವುದುಂಟೇ ಎಂದು ಹಿರಿಯರೊಬ್ಬರು ನಮ್ಮನ್ನು ಆಕ್ಷೇಪಿಸಿದರು. ಪಾಠ ಹೇಳುವುದಕ್ಕೆ ನಾವು ಸಂಬಳ ಪಡೆಯುವೆವಷ್ಟೆ. ಅದರಿಂದ ಮಕ್ಕಳ ಮೇಲಣ ನಮ್ಮ ಅಕ್ಕರೆ ಕುಂದಿತೇ? ಪ್ರೀತಿಗೆ ಬೆಲೆ ಕಟ್ಟಲು ಯಾರಿಗೂ ಸಾಧ್ಯವಿಲ್ಲ. ತಪ್ಪಿದ ಕೂಲಿಗೆ ಮಾತ್ರ ಲೆಕ್ಕವುಂಟು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನ ಊರಿನವರು ನಾವು. ನೀರು ಊರಿಗೆಲ್ಲ ಬೇಕಾದ ಮೇಲೆ ಹಾರೆ ಹಿಡಿಯುವ ಭಾರ ಒಬ್ಬಳ ಮೇಲೆ ಬೀಳಬಾರದೆಂಬುದು ನಮಗೆ ಹೊಸ ಮಾತಲ್ಲ.

ವಾಚಕ ಬಂಧುಗಳೇ, ಅದೇ ಕಾಯದೆಯ 38ನೆಯ ಕಲಮಿನಂತೆ, ಹೆಚ್ಚಿನ ಆಸರೆ ಬೇಕೆಂದು ಮಗುವಿನ ಪರವಾಗಿ ಬೇರೊಬ್ಬರೂ, ಸಂಸ್ಥೆಯೂ ಅರ್ಜಿ ಕೊಡಬಹುದು. ಆದುದರಿಂದ ನಿಮ್ಮ ಶಾಲೆಯಲ್ಲಿ ಇಂತಹ ಮಗುವಿದ್ದರೆ, ಅದನ್ನು ದಿನಕ್ಕೆ ಎಷ್ಟು ಸಲ ಎತ್ತಬೇಕು, ಉಣಿಸಬೇಕು, ತೊಳೆಯಬೇಕು ಎಂಬುದನ್ನು ಹಾಜರಿಯಂತೆಯೇ ಬರೆದಿಡಿರಿ. ಬಾಯಿಮಾತಿನ ಕಷ್ಟವನ್ನು ಕಚೇರಿಯು ಕೇಳಿ ಮರೆತೀತು. ತಾರೀಖು ಹಾಕಿ ಬರೆದುದನ್ನು ಅಷ್ಟು ಸುಲಭವಾಗಿ ಮರೆಯಲಾರದು.