ಕಸದ ಗುಡ್ಡ, ಹಸುರು ಹೊದಿಕೆ

ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿ ಫ್ರೆಶ್ ಕಿಲ್ಸ್ ಎಂಬ ಸ್ಥಳವಿದೆ. ಡಚ್ಚರ ನುಡಿಯಲ್ಲಿ ‘ಕಿಲ್’ ಎಂದರೆ ತೊರೆ. ತೊರೆಗಳ ನಡುವೆ ಹುಲ್ಲು ಹೊದ್ದ ದಿಣ್ಣೆಗಳು, ನೋಟವೇನೋ ರಮ್ಯ. ದಿಣ್ಣೆಗಳ ಒಡಲಲ್ಲಿರುವುದು ಮಾತ್ರ ಮಹಾನಗರದ ಕಸ! 1948ರಿಂದ 2001ರವರೆಗೆ ಅದನ್ನು ತಂದು ಸುರಿದದ್ದು ಇಲ್ಲಿಗೇ.

ಈ ಸ್ಥಳಕ್ಕಾಗಿ ಬಹುಕಾಲ ಕಲಾಯೋಜನೆಗಳನ್ನು ರೂಪಿಸಿದವರು ಮಿಯರ್ಲ್ ಲ್ಯಾಡರ್‌ಮನ್ ಯೂಕೆಲೀಸ್. ತಾಯಿಯಾದ ಬಳಿಕ ಅವರ ಹೊತ್ತೆಲ್ಲ ಮಗುವಿನ ಆರೈಕೆಗೆ, ಮನೆಗೆಲಸಕ್ಕೆ ಸಂದುಹೋಗತೊಡಗಿತು. ಹಾಗೆಂದು ಕಲೆಯನ್ನು ತೊರೆಯಬೇಕೆ? ಗುಡಿಸುವುದು, ತೊಳೆಯುವುದು, ಅಡಿಗೆ ಮಾಡುವುದೇ ತಮ್ಮ ಕಲೆಯೆಂದು 1969ರಲ್ಲಿ ಸಾರಿದರು. 1973ರಲ್ಲಿ ಹಾರ್ಟ್‌ಫರ್ಡ್ ನಗರದ ಕಲಾಸಂಗ್ರಹಾಲಯದ ಮೆಟ್ಟಿಲುಗಳನ್ನು ಮೊಣಕಾಲೂರಿ ತೊಳೆದರು. ಮನೆಯೊಳಗೆ ಯಾರ ಕಣ್ಣಿಗೂ ಬೀಳದ ದುಡಿಮೆ ಅಂದು ಎಲ್ಲರೆದುರು ನಡೆಯಿತು.

1977ರಲ್ಲಿ ನ್ಯೂಯಾರ್ಕಿನ ನೈರ್ಮಲ್ಯ ಇಲಾಖೆಯನ್ನು ಸಂಬಳವಿಲ್ಲದ ಕಲಾವಿದೆಯಾಗಿ ಸೇರಿದರು. ಮುಂದೆ ಸುಮಾರು ಒಂದು ವರ್ಷ ನಗರವನ್ನೆಲ್ಲ ಸುತ್ತಿ, 8,500 ನೌಕರರ ಕೈಕುಲುಕಿ, ಊರನ್ನು ಜೀವಂತವಾಗಿ ಉಳಿಸಿದ್ದೀರೆಂದು ಒಬ್ಬೊಬ್ಬರಿಗೂ ಕೃತಜ್ಞತೆ ಅರ್ಪಿಸಿದರು. 1983ರಲ್ಲಿ ಕಸದ ಲಾರಿಯೊಂದಕ್ಕೆ ಕನ್ನಡಿಗಳನ್ನು ಹೊದಿಸಿದರು. ಕಸ ಯಾರದೆಂಬುದು ದಾರಿಹೋಕರಿಗೆ ಅದರಲ್ಲಿಯೇ ಕಂಡಿತು!

ಫ್ರೆಶ್ ಕಿಲ್ಸ್‌ನ ದಿಣ್ಣೆಗಳನ್ನು ಮಣ್ಣು, ಪ್ಲಾಸ್ಟಿಕ್ ಪದರಗಳಿಂದ ಮುಚ್ಚಿ, ಸುಮಾರು 2,200 ಎಕರೆಯ ಉದ್ಯಾನವನ್ನು ಹಂತಹಂತವಾಗಿ ಬೆಳೆಸಲಾಗುತ್ತಿದೆ. 2023ರಲ್ಲಿ ಉತ್ತರದ 21 ಎಕರೆ ಜನರಿಗೆ ತೆರೆಯಿತು. ಹಕ್ಕಿಗಳನ್ನು ನೋಡಲು ಅಲ್ಲೊಂದು ಅಟ್ಟಣಿಗೆಯೂ ಇದೆ.